ನಡುಕದವನ ಪಾದಗಳು

ಹಳೆಯ ಫೋಟೋಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಗೆದ್ದಲು ತಿಂದ ಮದುವೆಗಳು, ನೀರು ಕುಡಿದ ತೊಟ್ಟಿಲುಗಳು, ಮೂಗು ಕಳೆದುಕೊಂಡ ಮಾವಂದಿರು, ಎಲ್ಲರೂ ನನ್ನ ಮೇಜಿಗೆ ಬಂದು ನೆಟ್ಟಗಾಗಿ ಮನೆಗೆ ಹೋಗುತ್ತಾರೆ. ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿಸಿದ್ದು ನಾನು ಕಣ್ಣಾರೆ ಕಾಣದ ನಮ್ಮಜ್ಜ.

ಅಜ್ಜ ದುಡಿದಿದ್ದ, ಈಗ ಮುಚ್ಚಿಹೋದ ಎರಕದ ಕಾರ್ಖಾನೆಯಲ್ಲಿ ಒಂದು ಪ್ರದರ್ಶನ ಮಾಡುವವರಿದ್ದರು. ಅದರ ಆಫೀಸಿನ ಬೀರುವಿನಲ್ಲಿ ಸಿಕ್ಕ ಗಾಜಿನ ನೆಗೆಟಿವ್ ಒಂದು ನನ್ನ ಬಳಿ ಬಂತು. ಎಲ್ಲರ ನಡುವೆ ಒಬ್ಬ ಮಾತ್ರ ಮಸುಕಾಗಿದ್ದದ್ದು ನೋಡಿದ ಕೂಡಲೇ ಅದು ಯಾವುದೆಂದು ತಿಳಿಯಿತು. ನಮ್ಮ ಮನೆಯಲ್ಲಿ ಯಾರೂ ಆ ಫೋಟೋ ನೋಡಿರಲಿಲ್ಲ. ಆದರೂ ಅದರ ದೆಸೆಯಿಂದ ಅಪ್ಪ ಜೀವಮಾನವಿಡೀ ತಲೆ ತಗ್ಗಿಸಿದ್ದರು. ಕ್ಯಾಮೆರಾದ ಮುಂದೆ ಎಲ್ಲರೂ ಕಲ್ಲಿನಂತೆ ನಿಂತಿದ್ದಾಗ ಅಜ್ಜನೊಬ್ಬ ಹೆದರಿ ನಡುಗಿದನಂತೆ, ಫೋಟೋ ಕೆಟ್ಟಿತೆಂದು ಮಾಲೀಕ ಎಲ್ಲರೆದುರು ಬೈದನಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಅಂದಿನಿಂದ ಅಜ್ಜ 'ನಡುಕದವ'ನಾದ. ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅಜ್ಜ ಜ್ವರದಲ್ಲಿ ತೀರಿಕೊಂಡ. ಮಗನಿಗೆ ಬಿಟ್ಟುಹೋದದ್ದು ಆ ಹೆಸರೊಂದೇ. ಅದೇ ಎರಕದ ಮನೆಯಲ್ಲಿ ನಲವತ್ತು ವರ್ಷ ದುಡಿದ ಅಪ್ಪನನ್ನು ಜೊತೆಯವರು 'ನಡುಕ' ಎಂದೇ ಕರೆದರು.

ಫೋಟೋದಲ್ಲಿ ಮೂವತ್ತು ಜನರಿದ್ದರು. ದೊಡ್ಡದು ಮಾಡಿ ಒಬ್ಬೊಬ್ಬರನ್ನೇ ನೋಡಿದೆ. ಒಬ್ಬರಿಗೂ ಕೈಗವಸಿಲ್ಲ, ಕಾಲಿಗೆ ಬೂಟಿಲ್ಲ. ಮೊಣಕೈವರೆಗೆ ಸುಟ್ಟ ಕಲೆಗಳು. ಅವರ ಬೆನ್ನ ಹಿಂದಿನ ಮರಳಿನ ಅಚ್ಚುಗಳು ಮಾತ್ರ ಬೆಣ್ಣೆ ಸವರಿದಷ್ಟು ನುಣುಪು. ಆ ಒರಟು ಕೈಗಳ ನಯಗಾರಿಕೆಗೆ ನನ್ನ ಕೈ ತಾನಾಗಿಯೇ ಮುಗಿಯಿತು. ಎಲ್ಲರ ಹಿಂದೆ, ಸರಪಳಿಗೆ ತೂಗಿದ ದೊಡ್ಡ ಸೌಟಿನ ಪಕ್ಕದಲ್ಲಿ, ಹೊಗೆಯಂಥ ಒಂದು ಮುಖ, ಹೊಗೆಯಂಥ ಎರಡು ಕೈ. ಅದೇ ನಮ್ಮಜ್ಜ.

ಅಪ್ಪನ ತಲೆ ಒಮ್ಮೆಯಾದರೂ ಮೇಲೇಳಲಿ ಎಂಬ ಹಟಕ್ಕೆ ಬಿದ್ದೆ. ಸೌಟಿನಿಂದ ಕೆಳಕ್ಕೆ ಒಂದು ಬಿಳಿ ಗೀರು ಬಿದ್ದಿತ್ತು. ಮೊದಲು ಅದನ್ನು ಅಳಿಸಿದೆ. ಅಪ್ಪನ ಹರೆಯದ ಫೋಟೋದಿಂದ ಕಣ್ಣು ಮೂಗು ತಂದು ಕೂರಿಸಿದೆ, ಬೆರಳುಗಳನ್ನು ಒಂದೊಂದಾಗಿ ತಿದ್ದಿದೆ. ಎಂಟು ದಿನಕ್ಕೆ ಅಜ್ಜ ಎಲ್ಲರಿಗಿಂತ ಗಟ್ಟಿಯಾಗಿ ನಿಂತ.

ಅಪ್ಪನಿಗೆ ತೋರಿಸಿದೆ.

"ಇವನು ನಾನಲ್ವೇನಮ್ಮಾ?" ಎಂದು ನಕ್ಕರು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಆಮೇಲೆ ಭೂತಗನ್ನಡಿ ಹಿಡಿದು ಬಗ್ಗಿದರು. ನಗು ನಿಂತಿತು. "ಸೌಟು ಬಾಗಿದೆ. ಕಬ್ಬಿಣ ಎಲ್ಲಿ?"

"ಯಾವ ಕಬ್ಬಿಣ?"

"ಸೌಟು ಬಗ್ಗಿಸಿದ್ಮೇಲೆ ಕಬ್ಬಿಣ ಬೀಳ್ಬೇಕಲ್ವೇ? ಕರಗಿದ ಕಬ್ಬಿಣ ಬೆಳ್ಳಗೆ ಉರೀತಾ ಧಾರೆಯಾಗಿ ಬೀಳುತ್ತೆ."

ನಾನು ನಾಲಿಗೆ ಕಚ್ಚಿಕೊಂಡೆ. ಓಡಿಹೋಗಿ ತಿದ್ದದ ಪ್ರತಿಯನ್ನು ತಂದು ಅವರ ಮುಂದಿಟ್ಟೆ. ಗೀರು ಎಂದು ನಾನು ಅಳಿಸಿದ್ದ ಬಿಳಿ ಗೆರೆ ಸೌಟಿನ ಬಾಯಿಂದ ನೇರವಾಗಿ ಅಚ್ಚಿನೊಳಗೆ ಇಳಿದಿತ್ತು. ಅಪ್ಪ ಭೂತಗನ್ನಡಿಯನ್ನು ಆ ಗೆರೆಯುದ್ದಕ್ಕೂ ಜಾರಿಸಿದರು.

"ಹೊಯ್ತಾ ಇದ್ದಾನೆ ಕಣೇ! ಮಧ್ಯೆ ನಿಲ್ಲಿಸಿದ್ರೆ ಮೊದಲು ಬಿದ್ದದ್ದು ಆರಿಹೋಗುತ್ತೆ, ಆಮೇಲೆ ಹೊಯ್ದಿದ್ದು ಅದಕ್ಕೆ ಬೆಸೆಯಲ್ಲ. ಅಂಥ ಎರಕದಲ್ಲಿ ಮಾಡಿದ ಯಂತ್ರದ ಚಕ್ರ ತಿರುಗ್ತಾ ತಿರುಗ್ತಾ ಒಂದಿನ ಸಿಡಿಯುತ್ತೆ. ಪಕ್ಕದಲ್ಲಿದ್ದವನ ತಲೆ ಹೋಗುತ್ತೆ. ಯಾರೂ ಅಲುಗಾಡಬೇಡಿ ಅಂತ ಮಾಲೀಕ ಕೂಗಿರ್ತಾನೆ. ಇವನ ಎರಕ ಅರ್ಧಕ್ಕೆ ಬಂದಿತ್ತು. ಕರಗಿದ ಕಬ್ಬಿಣ ಮಾಲೀಕನ ಮುಲಾಜು ನೋಡುತ್ತಾ?"

ಮಬ್ಬು ಬೆಳಕಿನ ಆ ಎರಕದ ಮನೆಯೊಳಗೆ ಆಗಿನ ಕ್ಯಾಮೆರಾ ಎಂಟು ಹತ್ತು ಸೆಕೆಂಡಾದರೂ ಕಣ್ಣು ಬಿಟ್ಟಿರಬೇಕಿತ್ತು. ಅಷ್ಟು ಹೊತ್ತು ಅಜ್ಜ ಸೌಟು ಬಗ್ಗಿಸುತ್ತ, ಧಾರೆಯನ್ನು ನೋಡುತ್ತ, ತಲೆ ತಗ್ಗಿಸುತ್ತ ಇದ್ದ. ಮುಖ ಕೈ ಹೊಗೆಯಾಗದೆ ಇನ್ನೇನು?

"ಕಾಲು ನೋಡಮ್ಮ," ಎಂದರು ಅಪ್ಪ.

ಬರಿಗಾಲು. ಸುತ್ತಲೂ ಕಿಡಿಗಳ ಬಿಳಿ ಚುಕ್ಕೆ. ಎರಡು ಪಾದಗಳ ಹತ್ತೂ ಬೆರಳುಗಳನ್ನು ಎಣಿಸಬಹುದಿತ್ತು.

"ಹೆದರಿದವನಿಗೆ ಮೊದಲು ನಡುಗೋದೇ ಕಾಲು," ಎಂದು ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ನಾನೂ ಅತ್ತೆ. ನನ್ನ ಎಂಟು ದಿನದ ಕೆಲಸವನ್ನು ಅವತ್ತೇ ಅಳಿಸಿಹಾಕಿದೆ. ಧೂಳೊಂದನ್ನು ಒರೆಸಿ, ಮಿಕ್ಕಿದ್ದನ್ನು ಇದ್ದ ಹಾಗೇ ಅಚ್ಚು ಹಾಕಿಸಿ ಕಳಿಸಿದೆ. ಆ ಮಸುಕನ್ನು ಸರಿಮಾಡಬಹುದಿತ್ತಲ್ಲ ಎಂದ ಪ್ರದರ್ಶನದ ಅಧಿಕಾರಿಗೆ, ಅದೊಂದೇ ಸರಿಯಾಗಿರೋದು ಸಾರ್ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ.

ಪ್ರದರ್ಶನದ ದಿನ ಅಪ್ಪನ ಹಳೆಯ ಜೊತೆಗಾರ ಬಂದಿದ್ದರು. ಎರಕದ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದವರು. ಅಪ್ಪನನ್ನು 'ನಡುಕ' ಎಂದು ಎಲ್ಲರಿಗಿಂತ ಹೆಚ್ಚು ಕರೆದವರು ಅವರೇ. ಅಪ್ಪ ಏನೂ ವಾದಿಸಲಿಲ್ಲ. ಬಿಳಿ ಗೆರೆಯ ಮೇಲೊಮ್ಮೆ, ಪಾದಗಳ ಮೇಲೊಮ್ಮೆ ಬೆರಳಿಟ್ಟರು. ಎರಕದ ಮನೆಯಲ್ಲಿ ಬೆಳೆದವರಿಗೆ ಅಷ್ಟು ಸಾಕು.

ಲೇತಿನವರು ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತ ಮೀಸೆಯವನನ್ನು ದಿಟ್ಟಿಸಿದರು. "ಇವನು ನಮ್ಮಪ್ಪ. ನಡುಗಿದ ಅಂತ ಮನೇಲಿ ಹೇಳ್ದೋನು ಇವನೇ. ನೋಡಿದ್ರೆ ಇವನ ಬೆನ್ನು ನಿಮ್ಮಪ್ಪನ ಕಡೆಗಿದೆಯಲ್ಲೋ! ಅವನು ನೋಡದೇ ಹೇಳ್ದ, ನಾನು ಕೇಳಿಸ್ಕೊಂಡು ಜನ್ಮಪೂರ್ತಿ ಹೇಳ್ದೆ."

"ಹೋಗ್ಲಿ ಬಿಡೋ. ನಿಮ್ಮಪ್ಪನ ಮೀಸೆ ಚೆನ್ನಾಗಿ ಬಂದಿದೆ," ಎಂದರು ಅಪ್ಪ.

ಇಬ್ಬರೂ ನಕ್ಕರು. ಹೊರಡುವಾಗ ಲೇತಿನವರು ಅಭ್ಯಾಸಬಲದಿಂದ "ಬಾರೋ ನಡುಕ" ಎಂದುಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದರು.

"ಹಾಗೇ ಕರಿಯೋ," ಎಂದರು ಅಪ್ಪ, ತಲೆಯೆತ್ತಿ. "ಇನ್ಮೇಲೆ ಆ ಹೆಸರು ನಂಗೆ ಬೇಕು."