ಬನಹಟ್ಟಿಯಲ್ಲಿ ನಿಂತ ಹಾಡು

ಪೂನಮ್ ಡಿಜೆ ಕಲಿತದ್ದು ಕುರಿಗಳ ಮುಂದೆ. ರನ್ನ ಬೆಳಗಲಿ ಊರಿನ ಅವರ ಮನೆಯ ಹಿಂದೆ ಕುರಿದೊಡ್ಡಿ ಇತ್ತು, ಅದರ ಮೂಲೆಯಲ್ಲಿ ಅಣ್ಣ ಶಿವಪುತ್ರ ಎರಡು ದೊಡ್ಡ ಸ್ಪೀಕರ್ ಬಾಕ್ಸು ನಿಲ್ಲಿಸಿ ಕೊಟ್ಟಿದ್ದ. ಜಮಖಂಡಿಯಲ್ಲಿ ಯಾರೋ ಬಳಸಿ ಮಾರಿದ ಸೆಟ್ಟು ಅದು. ಕಬ್ಬಿನ ಹಂಗಾಮು ಮುಗಿದ ಮೇಲೆ ಟ್ರ್ಯಾಕ್ಟರ್ ಸುಮ್ಮನೆ ನಿಲ್ಲುತ್ತದೆ, ಅದರ ಟ್ರ್ಯಾಲಿಗೆ ಬಾಕ್ಸು ಕಟ್ಟಿ ಮದುವೆ ಮೆರವಣಿಗೆಗೆ ಕಳಿಸಿದರೆ ಆಯಿತು ಎಂದು ಶಿವಪುತ್ರ ಯೋಚಿಸಿದ್ದ. ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಅವನ ಕಿವಿಗೆ ಟ್ರ್ಯಾಕ್ಟರಿನ ಸದ್ದು ಬಿಟ್ಟರೆ ಬೇರೆ ಸದ್ದು ಹತ್ತುತ್ತಿರಲಿಲ್ಲ. ಹಾಡಿಗೆ ಹಾಡು ಕೂಡಿಸಲು ಹೋಗಿ ಎರಡನ್ನೂ ಕೆಡಿಸುತ್ತಿದ್ದ. ಹಾಗಾಗಿ ಮುಧೋಳದ ಕಾಲೇಜಿಗೆ ಹೋಗುತ್ತಿದ್ದ ತಂಗಿ ಲ್ಯಾಪ್‌ಟಾಪ್ ಹಿಡಿದು ಮಿಕ್ಸರ್ ಮುಂದೆ ನಿಂತಳು. ನಿಂತವಳು ಮತ್ತೆ ಅಲ್ಲಿಂದ ಕದಲಲಿಲ್ಲ.

ಅವಳ ಕಿವಿ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅಪ್ಪ ಅಮಸಿದ್ದಪ್ಪ ಬೀರಪ್ಪನ ಡೊಳ್ಳಿನ ಮೇಳದ ಮುಂದಾಳು. ಅವನು ಡೊಳ್ಳು ಹೆಗಲಿಗೇರಿಸಿದರೆ ಮುದುಕರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆಣ್ಣುಮಕ್ಕಳ ಹೆಗಲಿಗೆ ಡೊಳ್ಳು ಹಾಕುವ ರೂಢಿ ಮಾತ್ರ ಆ ಮನೆಯಲ್ಲಿರಲಿಲ್ಲ. ಪೂನಮ್ ಕೊಡದ ಮೇಲೆ ಬಾರಿಸುತ್ತ, ಅವ್ವ ಸುಂದರವ್ವನಿಂದ ಬೈಸಿಕೊಳ್ಳುತ್ತ ದೊಡ್ಡವಳಾಗಿದ್ದಳು. ಈಗ ಬೈಯುವವರಿಲ್ಲದ ವಾದ್ಯವೊಂದು ಕೈಗೆ ಸಿಕ್ಕಿತ್ತು. ಕುರಿಗಳು ಮೊದಮೊದಲು ಬೆದರಿ ಮೂಲೆ ಸೇರಿದವು, ಆಮೇಲೆ ಬಾಕ್ಸಿನ ಪಕ್ಕದಲ್ಲೇ ಮಲಗಿ ಮೆಲುಕು ಹಾಕತೊಡಗಿದವು. ಪೂನಮ್ ಅದನ್ನೇ ದೊಡ್ಡ ಒಪ್ಪಿಗೆ ಎಂದು ತಿಳಿದಳು. ಕುರಿಗಳಿಗೆ ನಗಲು ಬರುವುದಿಲ್ಲ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಮೊದಲ ಮೆರವಣಿಗೆ ಬನಹಟ್ಟಿಯಲ್ಲಿ, ದೂರದ ಬೀಗರ ಮನೆಯದು. ಹೊರಡುವ ಮುಂಜಾನೆ ಅಮಸಿದ್ದಪ್ಪ ಸ್ನಾನ ಮಾಡಿ, ಬೀರಪ್ಪನ ಗುಡಿಯಿಂದ ಭಂಡಾರದ ಚೀಲ ಹಿಡಿದು ಬಂದ. ಆ ಮನೆಯಲ್ಲಿ ಹೊಸದೇನು ಬಂದರೂ ದೇವರ ಅರಿಶಿನ ಬೀಳಲೇಬೇಕು. ಎತ್ತಿಗೂ ಭಂಡಾರ, ಟ್ರ್ಯಾಕ್ಟರಿಗೂ ಭಂಡಾರ, ಸೊಸೆಗೂ ಭಂಡಾರ. ಚಿಟಿಕೆಯಲ್ಲಿ ಹಾಕುವ ಜಿಪುಣತನ ಅಮಸಿದ್ದಪ್ಪನಿಗೆ ಗೊತ್ತಿಲ್ಲ. ಬೀರಪ್ಪನ ಹೆಸರು ಹೇಳಿ ಬಾಕ್ಸಿನ ಮೇಲೊಂದು ಮುಷ್ಟಿ, ಜನರೇಟರ್ ಮೇಲೊಂದು ಮುಷ್ಟಿ ತೂರಿದ. ಮಗಳು ನಿಲ್ಲುವ ಜಾಗವೆಂದು ಮಿಕ್ಸರ್ ಮೇಲೆ ಎರಡು ಮುಷ್ಟಿ ಹೆಚ್ಚಿಗೆ ತೂರಿದ. ಮಿಕ್ಸರ್ ಹಳದಿಯಾಗಿ ಫಳಫಳಿಸಿತು. ಪೂನಮ್ ಕೈಮುಗಿದಳು.

ಬನಹಟ್ಟಿಯಲ್ಲಿ ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಟ್ರ್ಯಾಲಿಯ ಮೇಲೆ ಹುಡುಗಿ ನಿಂತಿದ್ದನ್ನು ನೋಡಲು ಮಗ್ಗದ ಮನೆಗಳಿಂದ ಜನ ಹೊರಗೆ ಬಂದರು. ಎರಡನೆಯ ಹಾಡಿಗೆ ಬರಲು ಪೂನಮ್ ಸದ್ದು ಏರಿಸುವ ಗುಂಡಿಯನ್ನು ಮೇಲಕ್ಕೆ ಜಾರಿಸಿದಳು. ಬಾಕ್ಸುಗಳು ಕರಕರ ಎಂದು ಅರಚಿದವು. ಎಡಗಡೆ ಬಾಕ್ಸು ಸತ್ತೇ ಹೋಯಿತು. ಅವಳು ಗಾಬರಿಯಾಗಿ ಬೇರೆ ಹಾಡು ಹಾಕಿದಳು, ಅದೂ ಅರಚಿತು. ಮತ್ತೊಂದು ಹಾಕಿದಳು, ಅದು ಹಿಂದಿನದರ ಮೇಲೆ ಬಿದ್ದು ಎರಡೂ ಒದ್ದಾಡಿದವು. ಕುಣಿಯಲು ಕೈ ಎತ್ತಿದ್ದ ಹುಡುಗರು ಎತ್ತಿದ ಕೈಯಲ್ಲೇ ನಿಂತು ಟ್ರ್ಯಾಲಿ ಕಡೆ ನೋಡಿದರು. ಕಡೆಗೆ ಗದ್ದಲ ಬಿಟ್ಟು ಏನೂ ಕೇಳಿಸದಂತಾಯಿತು.

"ಹುಡಿಗಿ ಕೈಯಾಗ ಕೊಟ್ರ ಮತ್ತೇನಾಕ್ಕೈತಿ," ಎಂದ ಯಾರೋ. ಸುತ್ತಲೂ ನಗೆ ಎದ್ದಿತು.

ಅಷ್ಟರಲ್ಲಿ ಡೊಳ್ಳು ಕೇಳಿಸಿತು. ಮೆರವಣಿಗೆಯ ಹಿಂದೆ ಬರುತ್ತಿದ್ದ ಅಮಸಿದ್ದಪ್ಪ, ಬೀಗರ ಮುಂದೆ ಮನೆಯ ಮಾನ ಹೋಗಬಾರದೆಂದು ತನ್ನ ಮೇಳದೊಂದಿಗೆ ಮುಂದೆ ಬಂದಿದ್ದ. ಜನ ಒಮ್ಮೆಲೇ ಅವನ ಹಿಂದೆ ಹರಿದರು. ಮದುಮಗನ ಕುದುರೆಯೂ ಆ ಕಡೆಗೇ ತಿರುಗಿತು. ಟ್ರ್ಯಾಕ್ಟರ್ ಬೀದಿ ನಡುವೆ ಒಂಟಿಯಾಗಿ ಉಳಿಯಿತು. ನಗೆಯನ್ನು ಪೂನಮ್ ತಡೆದುಕೊಂಡಿದ್ದಳು, ಅಪ್ಪನ ಡೊಳ್ಳನ್ನು ತಡೆದುಕೊಳ್ಳಲಾಗಲಿಲ್ಲ. ಸತ್ತವರ ಮುಖಕ್ಕೆ ಬಟ್ಟೆ ಎಳೆದ ಹಾಗೆ ಅಪ್ಪ ತನ್ನ ಮೇಲೆ ಸದ್ದು ಎಳೆದು ಮುಚ್ಚಿದ ಎನ್ನಿಸಿತು. ಅವಳು ಟ್ರ್ಯಾಲಿಯಲ್ಲಿ ಕುಳಿತು ಅತ್ತಳು. ಊರು ಬರುವ ಮೊದಲೇ ಮುಖ ಒರೆಸಿಕೊಂಡಳು.

ಸುದ್ದಿ ಟ್ರ್ಯಾಕ್ಟರಿಗಿಂತ ಮುಂಚೆ ಮನೆ ಮುಟ್ಟಿತ್ತು. ಮರುದಿನ ಸುಂದರವ್ವನ ಹಿರಿಯಣ್ಣ ಚನಮಲ್ಲಪ್ಪ ಮಹಾಲಿಂಗಪುರದಿಂದ ಬಂದ. ಬೆಲ್ಲದ ಪೇಟೆಯಲ್ಲಿ ಓಡಾಡುವ ಮನುಷ್ಯ, ಮಾತೂ ಬೆಲ್ಲದ ಪೆಂಟೆಯಂತೆ ಭಾರ. ಅವನ ಮಗನ ಮದುವೆ ಮುಂದಿನ ವಾರ. ಮದುವೆಯ ಹಿಂದಿನ ದಿನ ಮದುಮಗನನ್ನು ಹಣಮಪ್ಪನ ಗುಡಿಗೆ ಕರೆದೊಯ್ಯುವ ಮೆರವಣಿಗೆಗೆ ಇದೇ ಡಿಜೆ ಬರಬೇಕೆಂದು ಮೊದಲೇ ಮಾತಾಗಿತ್ತು.

"ಬೀರಪ್ಪಗ ಸೇರಿಲ್ಲ ನೋಡು ಅಮಸಿದ್ದ," ಎಂದು ಅವನು ಚಹಾ ಕುಡಿಯುತ್ತ ತೀರ್ಪು ಕೊಟ್ಟ. "ಡೊಳ್ಳಿನ ಮನ್ಯಾಗ ಇಂಥಾದ್ ಯಾಕ ಬೇಕಿತ್ತು? ಅದೂ ಹೆಣ್ಣಹುಡುಗಿ ಕೈಯಾಗ. ಸೆಟ್ ಬರಲಿ, ಪೂನಿ ಮನ್ಯಾಗಿರಲಿ. ಜಮಖಂಡಿ ಹುಡುಗನ್ನ ಒಬ್ಬನ್ನ ಕರಸ್ತೇನಿ."

ಅಮಸಿದ್ದಪ್ಪ ನೆಲ ನೋಡಿದ. ಸುಂದರವ್ವ ಒಲೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿದ್ದ ಪೂನಮ್‌ಗೆ ಸಿಟ್ಟು ಬಂತು. ಅವಳು ಹೊರಗೆ ಬಂದು ಮಾವನ ಎದುರಿಗೇ ನಿಂತಳು.

"ಮಾವಾ, ಸೆಟ್ ಬರಬೇಕಂದ್ರ ನಾನೂ ಬರತೇನಿ. ನಾ ಇಲ್ಲಂದ್ರ ಅದೂ ಇಲ್ರಿ."

"ಒಮ್ಮಿ ಮಾನ ಕಳದದ್ದು ಸಾಕಾಗಲಿಲ್ಲೇನು?"

"ಕಳದದ್ದನ್ನ ನಾನಽ ತರಬೇಕಲ್ರಿ. ಜಮಖಂಡಿ ಹುಡುಗ ತಂದ್ರ ಅದು ಅವಂದು ಆಗತೈತಿ."

ಚನಮಲ್ಲಪ್ಪ ಶಿವಪುತ್ರನ ಕಡೆ ನೋಡಿದ. ಶಿವಪುತ್ರ ಟ್ರ್ಯಾಕ್ಟರಿನ ಕೀಲಿ ತೆಗೆದು ತಂಗಿಯ ಕೈಗಿಟ್ಟು, ಕುರಿಗೆ ನೀರು ಕುಡಿಸಲು ಹೋಗಿಬಿಟ್ಟ. ಲಗ್ನದ ಸುಗ್ಗಿಯಲ್ಲಿ ಬೇರೆ ಡಿಜೆ ಸೆಟ್ಟು ಸಿಗುವುದಿಲ್ಲ ಎಂಬುದು ಚನಮಲ್ಲಪ್ಪನಿಗೂ ಗೊತ್ತಿತ್ತು. ಅವನು ಬಸಿಯಲ್ಲಿ ಉಳಿದ ಚಹಾ ಹೀರಿ ಎದ್ದ.

"ಆತು. ಹೆಂಗಿದ್ರೂ ಅಮಸಿದ್ದನ ಡೊಳ್ಳ ಇರತೈತಿ. ಇದು ನಿಂತ್ರ ಅದು ಐತಿ," ಎಂದು ಚಪ್ಪಲಿ ಮೆಟ್ಟಿದ.

ಒಪ್ಪಿಗೆ ಸಿಕ್ಕಿತು ಎಂದು ಪೂನಮ್‌ಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ನೀನು ಬೀಳುತ್ತೀ, ಹಿಡಿಯಲು ನಿನ್ನಪ್ಪ ಇದ್ದಾನೆ ಎಂದು ಮುಖದ ಮೇಲೇ ಹೇಳಿ ಹೋಗಿದ್ದ ಮಾವ.

ಆ ಸಂಜೆ ಶಿವಪುತ್ರ ಮಿಕ್ಸರಿನ ತಿರುಪು ಬಿಚ್ಚಿದ. ಮುಚ್ಚಳ ತೆಗೆದವನೇ ತಂಗಿಯನ್ನು ಕರೆದ. ಗುಂಡಿ ಜಾರುವ ಸೀಳುಗಳ ಕೆಳಗೆಲ್ಲ ಹಳದಿ ಪುಡಿ ಕೂತಿತ್ತು. ತಂತಿಗಳ ಮೇಲೆ, ಬೆಸುಗೆಯ ಮೇಲೆ, ಎಲ್ಲೆಂದರಲ್ಲಿ ಭಂಡಾರ.

"ಅಪ್ಪನ ಮುಷ್ಟಿ," ಎಂದ ಶಿವಪುತ್ರ. ಅವನ ಮುಖ ಬೆಳಗಿತು. "ನಿಂದೇನೂ ತಪ್ಪಿಲ್ಲ ಪೂನಿ. ನಾಳೆನಽ ಮಾವಗ ಫೋನ್ ಹಚ್ಚಿ ಹೇಳ್ತೇನಿ. ಬನಹಟ್ಟಿ ಮಂದಿಗೂ ಹೇಳೂನು."

ಪೂನಮ್‌ಗೆ ಒಂದು ಗಳಿಗೆ ಎದೆ ಹಗುರಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಹಳೆಯ ಬಣ್ಣದ ಕುಂಚದಿಂದ ಪುಡಿ ಕೊಡವುತ್ತ ಕೂತಾಗ ಆ ಬೀದಿ ಮತ್ತೆ ಕಣ್ಣಿಗೆ ಬಂತು. ಎಡಗಡೆ ಬಾಕ್ಸು ಸತ್ತಿತ್ತು, ಬಲಗಡೆಯದು ಬದುಕಿತ್ತು. ಗುಂಡಿ ಮುಟ್ಟದೆ ಅದೇ ಹಾಡನ್ನು ಬಿಟ್ಟಿದ್ದರೆ ಅರ್ಧ ಸದ್ದಿನಲ್ಲಾದರೂ ಜನ ಕುಣಿಯುತ್ತಿದ್ದರು. ಒಂದರ ಮೇಲೊಂದು ಹಾಡು ಸುರಿದವಳು ಅವಳೇ.

"ಗುಂಡಿ ಕೆಡಿಸಿದ್ದು ಭಂಡಾರ," ಎಂದಳು. "ಕೈ ನಡುಗಿದ್ದು ನಂದು. ಅದನ್ನ ಅಪ್ಪನ ತಲಿಗೆ ಕಟ್ಟಬ್ಯಾಡ."

ಹೇಳುವುದು ಬೇಡವೆಂದರೂ ಹೇಳಲೇಬೇಕಾದವನು ಒಬ್ಬನಿದ್ದ. ಅವಳು ತೆರೆದ ಮಿಕ್ಸರನ್ನು ಎತ್ತಿಕೊಂಡು ಹೋಗಿ, ಕಟ್ಟೆಯ ಮೇಲೆ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದ ಅಪ್ಪನ ಮುಂದಿಟ್ಟಳು. ಅಮಸಿದ್ದಪ್ಪ ಬಗ್ಗಿ ನೋಡಿದ. ಬೆರಳಿಂದ ಒಂದಿಷ್ಟು ಪುಡಿ ತೆಗೆದು, ರೂಢಿಯಂತೆ ಹಣೆಗೆ ಹಚ್ಚಿಕೊಂಡ. ಆಮೇಲೆ ಅವನಿಗೆ ತಿಳಿಯಿತು. ಅವನ ಕಣ್ಣು ತುಂಬಿತು.

"ನಾ ಮಾಡಿದ್ನೇನು ಇದನ್ನ?"

"ಇನ್ನ ಮುಂದ ಇದರ ಮ್ಯಾಲ ಹಾಕಬ್ಯಾಡಪಾ. ಟ್ರ್ಯಾಕ್ಟರಿಗೆ ಹಾಕು, ನನಗ ಹಾಕು."

"ನಾಕ ಮಂದ್ಯಾಗ ನಿಂತು ಹೇಳ್ತೇನಿ ಯವ್ವಾ. ತಪ್ಪ ನಂದು, ಮಗಳದಲ್ಲಾ ಅಂತ."

"ನೀ ಹೇಳಿದ್ರ ಅಯ್ಯೋ ಪಾಪ ಅಂತಾರ. ಅಯ್ಯೋ ಪಾಪ ಅಂದವರು ಯಾರೂ ಕುಣಿಯಂಗಿಲ್ಲ." ಪೂನಮ್ ಅಪ್ಪನ ಪಕ್ಕದಲ್ಲಿ ಕೂತಳು. "ನನಗ ಒಂದ ಮಾತ ಕೊಡು. ಮಾವನ ಮನಿ ಮೆರವಣಿಗ್ಯಾಗ ನನ್ನ ಡಿಜೆ ನಿಂತ್ರ, ನೀ ಡೊಳ್ಳ ಎತ್ತಬ್ಯಾಡ."

ಅಮಸಿದ್ದಪ್ಪನಿಗೆ ಅದು ಏಟು ಹೊಡೆದಂತಾಯಿತು. "ಮಂದಿ ನಿನ್ನ ನೋಡಿ ನಗಾಕತ್ತಿದ್ರು. ನಾ ಹೆಂಗ ಸುಮ್ಮನ ನಿಲ್ಲಲಿ?"

"ನಗಲಿ. ನೀ ಎತ್ತಿದ ಮ್ಯಾಲ ನಾ ಅಲ್ಲಿ ಇರಲೇ ಇಲ್ಲಪಾ."

ಅಪ್ಪ ಮತ್ತೆ ಹಗ್ಗ ಬಿಗಿಯತೊಡಗಿದ. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಅಷ್ಟನ್ನೇ ಇಟ್ಟುಕೊಂಡು ಪೂನಮ್ ವಾರವಿಡೀ ದೊಡ್ಡಿಯಲ್ಲಿ ದುಡಿದಳು. ಶಿವಪುತ್ರನಿಗೆ ಹಾಡಿನ ನಡುವೆ ಬೇಕಾದಾಗ ತಂತಿ ಕೀಳಲು ಹೇಳಿದಳು. ಅವನು ಕಿತ್ತಾಗಲೆಲ್ಲ ಕೈ ಕಟ್ಟಿ ನಿಂತು, ಸದ್ದು ಬಂದ ಮೇಲೆ ಅದೇ ಹಾಡನ್ನು ಮೆಲ್ಲಗೆ ಎತ್ತುವುದನ್ನು ಕಲಿತಳು. ಕುರಿಗಳ ಒಪ್ಪಿಗೆಯನ್ನು ಈ ಸಲ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಹಾಲಿಂಗಪುರದ ಮೆರವಣಿಗೆ ಸಂಜೆ ಬಿಸಿಲಲ್ಲಿ ಹೊರಟಿತು. ಅಮಸಿದ್ದಪ್ಪ ಮಿಕ್ಸರ್ ಹತ್ತಿರ ಸುಳಿಯದೆ ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಭಂಡಾರ ಹಚ್ಚಿ, ಮೇಳದೊಂದಿಗೆ ಹಿಂದೆ ನಡೆದ. ಪೂನಮ್ ಸಣ್ಣಗೆ ಶುರುಮಾಡಿ ಹಂತಹಂತವಾಗಿ ಏರಿಸಿದಳು. ಹುಡುಗರು ಅಂಗಿಯ ತೋಳು ಮಡಿಚಿದರು. ಬಸ್‌ಸ್ಟ್ಯಾಂಡ್ ಕಡೆಯ ತಿರುವು ಬರುವ ಹೊತ್ತಿಗೆ ಬೀದಿ ತುಂಬ ಕುಣಿತ. ಬನಹಟ್ಟಿಯಲ್ಲಿ ನಕ್ಕವರಲ್ಲಿ ಒಬ್ಬಿಬ್ಬರು ಆ ಗುಂಪಿನಲ್ಲಿದ್ದದ್ದನ್ನೂ ಅವಳು ಗುರುತಿಸಿದಳು.

ತಿರುವಿನಲ್ಲಿ ಟ್ರ್ಯಾಲಿಯ ಗಾಲಿ ತಗ್ಗಿಗಿಳಿದು ಎದ್ದಿತು. ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು.

ಸದ್ದು ಪೂರ್ತಿ ಹೋಯಿತು. ಎತ್ತಿದ ಕೈಗಳು ಮತ್ತೆ ಗಾಳಿಯಲ್ಲಿ ಉಳಿದವು. ಶಿವಪುತ್ರ ಟ್ರ್ಯಾಕ್ಟರಿನಿಂದ ಹಾರಿ ಜನರೇಟರಿಗೆ ಹೋದ. ಡೀಸೆಲ್ ಪೈಪು ಕಳಚಿತ್ತು. ಗುಂಪಿನ ಅಂಚಿನವರು ಆಗಲೇ ಹಿಂದೆ ತಿರುಗಿ ಡೊಳ್ಳಿನ ಕಡೆ ನೋಡತೊಡಗಿದ್ದರು.

"ಯಾರೂ ಹೋಗಬ್ಯಾಡ್ರಿ," ಎಂದು ಪೂನಮ್ ಬರಿ ಗಂಟಲಲ್ಲಿ ಕೂಗಿದಳು. "ಹಾಡ ಇನ್ನಾ ಅರ್ಧ ಐತಿ. ಅಲ್ಲೇ ನಿಲ್ರಿ."

ಕೆಲವರು ನಕ್ಕರು. ಅವಳು ನಗುವವರನ್ನು ನೇರವಾಗಿ ನೋಡುತ್ತ ಮಿಕ್ಸರಿನ ಮೇಲೆ ಕೈಯಿಟ್ಟುಕೊಂಡೇ ನಿಂತಳು. ಈ ಸಲ ಒಂದು ಗುಂಡಿಯನ್ನೂ ಜಾರಿಸಲಿಲ್ಲ.

ಚನಮಲ್ಲಪ್ಪ ತಲೆಯ ಪಟಗದ ತುದಿ ಹಿಂದೆ ಎಸೆದು, ಟ್ರ್ಯಾಕ್ಟರಿನ ಮುಂದೆ ಬೀದಿ ನಡುವೆ ಬಂದು ನಿಂತ. "ನಾ ಹೇಳಿದ್ದಿಲ್ಲೇನು? ಬಾರಸೋ ಅಮಸಿದ್ದ, ಹೊತ್ತಾತು."

ಎಲ್ಲರ ಕಣ್ಣು ಅಮಸಿದ್ದಪ್ಪನ ಮೇಲೆ ಬಿತ್ತು. ಡೊಳ್ಳು ಹೆಗಲಲ್ಲೇ ಇತ್ತು, ಕೋಲು ಕೈಯಲ್ಲೇ ಇತ್ತು. ಮೇಳದವರು ತಮ್ಮ ಡೊಳ್ಳಿನ ಮೇಲೆ ಅಂಗೈ ಇಟ್ಟು ಮುಂದಾಳಿನ ಮೊದಲ ಪೆಟ್ಟಿಗೆ ಕಾದರು. ಅವನು ಮಗಳನ್ನು ನೋಡಿದ. ಪೂನಮ್ ತಲೆ ಅಲ್ಲಾಡಿಸಲಿಲ್ಲ, ಬೇಡಿಕೊಳ್ಳಲಿಲ್ಲ. ಹೇಳುವುದನ್ನು ಅವಳು ಹೇಳಿ ಆಗಿತ್ತು. ಮಗಳ ಮೇಲೆ ನಗೆ ಬೀಳುವಾಗ ಸುಮ್ಮನೆ ನಿಲ್ಲುವಷ್ಟು ಕಷ್ಟದ ಕೆಲಸವನ್ನು ಆ ಡೊಳ್ಳು ಹಿಡಿದ ಮೇಲೆ ಅವನು ಮಾಡಿರಲಿಲ್ಲ.

"ಆಕಿ ಇನ್ನಾ ಮುಗಿಸಿಲ್ಲ," ಎಂದ ಅಮಸಿದ್ದಪ್ಪ. ಡೊಳ್ಳನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟ.

ಮೇಳದವರು ಮುಖಮುಖ ನೋಡಿಕೊಂಡು ತಮ್ಮವನ್ನೂ ಇಳಿಸಿದರು. ಈಗ ಬೀದಿಯಲ್ಲಿ ಯಾವ ಸದ್ದೂ ಇರಲಿಲ್ಲ, ಮದುಮಗನ ಕುದುರೆ ಗೊರಸು ಕೆರೆಯುವುದು ಮಾತ್ರ ಕೇಳುತ್ತಿತ್ತು. ಹೋಗುವವರಿಗೆ ಹೋಗಲು ಬೇರೆ ಜಾಗವಿರಲಿಲ್ಲ, ಕಾದರು. ಶಿವಪುತ್ರ ಪೈಪು ಸಿಕ್ಕಿಸಿ ಹ್ಯಾಂಡಲ್ ತಿರುವಿದ. ಮೂರನೆಯ ಸಲಕ್ಕೆ ಜನರೇಟರ್ ಹತ್ತಿಕೊಂಡಿತು.

ಪೂನಮ್ ಹಾಡು ಬದಲಿಸಲಿಲ್ಲ. ನಿಂತಲ್ಲಿಂದಲೇ ಅದನ್ನು ಎತ್ತಿದಳು. ಮೊದಲು ಬರಿ ತಾಳ, ಹತ್ತಿರದವರಿಗೆ ಕೇಳುವಷ್ಟು. ಆಮೇಲೆ ಇನ್ನಷ್ಟು. ಹಿಂದೆ ಯಾರದೋ ಕಾಲು ಶುರುವಾಯಿತು, ಪಕ್ಕದವನದೂ ಆಯಿತು. ಗುಂಪು ಮುಂದಕ್ಕೆ ಒತ್ತಿಕೊಂಡು ಬಂತು. ಚನಮಲ್ಲಪ್ಪ ಇನ್ನೂ ಸೊಂಟದ ಮೇಲೆ ಕೈಯಿಟ್ಟು ಬೀದಿ ನಡುವೆಯೇ ನಿಂತಿದ್ದ.

ಪೂನಮ್ ಮೈಕು ಕೈಗೆತ್ತಿಕೊಂಡಳು.

"ಮಾವಾ, ಅತ್ತಾಗ ಸರೀರಿ. ಕುಣಿಯವ್ರಿಗೆ ಜಾಗ ಬೇಕು."

ಪೇಟೆಯವರೆಗೂ ಕೇಳಿತು ಅದು. ಚನಮಲ್ಲಪ್ಪ ಸುತ್ತ ನೋಡಿ, ಪಟಗ ಸರಿಮಾಡಿಕೊಂಡು, ಸರಿದ.