ಜೋಲಿ ಹಾಡಿನ ನಂಬರು

ನಮ್ಮ ನದಿಯ ಮಕ್ಕಳು ನಿದ್ದೆ ಹೋಗುವುದು ಒಂದು ಚುನಾವಣೆಯ ನಂಬರು ಕೇಳುತ್ತ. ನಮ್ಮ ರಾಜ್ಯದ ರಾಜಧಾನಿ ಬೆಲೆಂ ಪಟ್ಟಣದವರು ಇದನ್ನು ಕೇಳಿ ನಗುತ್ತಾರೆ, ನಗಲಿ. ಆ ಹಾಡು ಕಟ್ಟಿದವಳು ನಾನು, ಮರಿಯಾಲ್ವಾ. ನಂಬರು ನನ್ನ ಗಂಡ ಜುರಾಂದಿರನದು. ಅಂದರೆ, ಮೂರು ಚುನಾವಣೆಗಳ ಕಾಲ ಅವನದಾಗಿತ್ತು.

ಮೊದಲು ಹಾಡಿನಲ್ಲಿ ನಂಬರು ಇರಲಿಲ್ಲ. ಮಗಳು ಜಾಸಿಯಾರಾ ಹುಟ್ಟಿದ ವರ್ಷ ನದಿ ಉಕ್ಕಿ, ಕಂಬಗಳ ಮೇಲಿನ ನಮ್ಮ ಮನೆಯ ಹಲಗೆ ನೆಲವನ್ನು ಮುಟ್ಟುವಷ್ಟು ಏರಿತ್ತು. ಜೋಲಿ ತೂಗಿದರೆ ಹಲಗೆಯ ಸಂದಿನಲ್ಲಿ ನೀರೂ ತೂಗಿದ ಹಾಗೆ ಕಾಣುತ್ತಿತ್ತು. ಮನೆ ನಿಂತಿದೆಯೋ ತೇಲಿಕೊಂಡು ಹೊರಟಿದೆಯೋ ಎಂದು ಎಷ್ಟೋ ಸಲ ಬಾಗಿಲಿಗೆ ಹೋಗಿ ನೋಡಿ ಬಂದಿದ್ದೇನೆ. ಆಗ ಬಾಯಿಗೆ ತಾನಾಗಿ ಬಂದ ಹಾಡು ಅದು. ದೋಣಿ ಹೋಯ್ತು, ದೋಣಿ ಬಂತು, ಯಾರನ್ನ ತಂತು ಎಂದು ಕೇಳುವುದು, ಕೊನೆಗೆ ಜಾಸಿಯಾರಾ ಎಂದು ಅವಳ ಹೆಸರನ್ನೇ ಎಳೆದು ಎಳೆದು ಹೇಳುವುದು. ಅಷ್ಟೇ.

ಜುರಾಂದಿರ್ ಆಗ ಮೇಷ್ಟ್ರು. ದೋಣಿಯಲ್ಲಿ ಊರಿಂದೂರಿಗೆ ಹೋಗಿ ಪಾಠ ಹೇಳುತ್ತಿದ್ದ. ಮಳೆ ಬಂತೆಂದರೆ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಕಿಟಕಿಯಾಚೆ ನೋಡುತ್ತ ನಿಂತುಬಿಡುವ ಆಸಾಮಿ. ಮಕ್ಕಳೂ ಅವನ ಜೊತೆ ನೋಡುತ್ತ ಕೂತಿರುತ್ತಿದ್ದರು. ಇಂಥವನನ್ನು ಹಿಡಿದು ರಾಜ್ಯದ ಶಾಸನಸಭೆಗೆ ನಿಲ್ಲಿಸಿದರಲ್ಲ, ನದಿಯ ಜನಕ್ಕೆ ಏನು ಹೇಳೋಣ! ಆದರೆ ಅವನನ್ನು ಬಿಟ್ಟರೆ ನಾವು ಮೀನು ಹಿಡಿಯುವ ಕೆರೆಯ ಹೆಸರನ್ನು ಸರಿಯಾಗಿ ಹೇಳಬಲ್ಲವರು ಯಾರೂ ಆ ಸಭೆಯಲ್ಲಿರಲಿಲ್ಲ, ಅದೂ ನಿಜ.

ನಮ್ಮಲ್ಲಿ ಓಟು ಹಾಕುವುದೆಂದರೆ ನಂಬರು ಒತ್ತುವುದು. ಒತ್ತಿದರೆ ಯಂತ್ರದಲ್ಲಿ ಅಭ್ಯರ್ಥಿಯ ಮುಖ ಮೂಡುತ್ತದೆ, ಹಸಿರು ಗುಂಡಿ ಅದುಮಿದರೆ ಮುಗಿಯಿತು. ಪಕ್ಷದವರು ಜುರಾಂದಿರನಿಗೆ ಕೊಟ್ಟದ್ದು ಆರು ಎರಡು ಒಂದು ಎರಡು ಆರು. ಅವನು ಅದನ್ನು ಮನೆಗೆ ಬಂದು ಹೇಳಿದಾಗ ನಾನು ಜೋಲಿ ತೂಗುತ್ತಿದ್ದೆ. ಹೋದ ದಾರಿಯಲ್ಲೇ ತಿರುಗಿ ಬರುವ ನಂಬರು. ಆರು ಎರಡು ಒಂದು ಎನ್ನುವಾಗ ಜೋಲಿ ಆಚೆ ಹೋಗುತ್ತದೆ, ಎರಡು ಆರು ಎನ್ನುವಾಗ ಈಚೆ ಬರುತ್ತದೆ. ಮಗಳ ಹೆಸರು ತೆಗೆದು ನಂಬರು ಕೂರಿಸಿದೆ, ಅದಕ್ಕೆಂದೇ ಮಾಡಿದ ಹಾಗೆ ಕೂತಿತು.

"ನನ್ನ ಹೆಸರೆಲ್ಲಿ ಹೋಯ್ತಮ್ಮ?" ಎಂದಳು ಜಾಸಿಯಾರಾ. ಅವಳಿಗೆ ಆಗ ಏಳು ವರ್ಷ, ಇನ್ನೂ ಹಾಡಿಲ್ಲದೆ ಮಲಗುತ್ತಿರಲಿಲ್ಲ.

"ನಿಮ್ಮಪ್ಪ ತಗೊಂಡಿದಾನೆ ಪುಟ್ಟಿ. ಗೆದ್ದು ಬಂದ್ಮೇಲೆ ಕೊಡ್ತಾನೆ."

ಗೆದ್ದ. ಗೆದ್ದವನು ಬರಲಿಲ್ಲ, ಬೆಲೆಂಗೆ ಹೋದ. ಮತ್ತೆ ಗೆದ್ದ, ಮತ್ತೆ ಹೋದ. ಮೂರನೇ ಸಲವೂ ಅಷ್ಟೇ. ಪ್ರಚಾರದ ಧ್ವನಿವರ್ಧಕ ಕಟ್ಟಿದ ದೋಣಿಯಿಂದ ಇಳಿದ ಹಾಡು ಮನೆಮನೆಯ ಜೋಲಿ ಹತ್ತಿತು. ಬಟ್ಟೆ ಒಗೆಯುವ ಹೆಂಗಸರು ಅದನ್ನು ಹಾಡಿದರು, ಹುಡುಗಿಯರು ಹಗ್ಗ ಜಿಗಿಯುತ್ತ ಹಾಡಿದರು. ಯಾರ ನಂಬರು, ಯಾತರ ನಂಬರು ಎಂದು ಗೊತ್ತಿಲ್ಲದ ಕೂಸುಗಳೂ ಆರು ಎರಡು ಒಂದು ಎನ್ನುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದವು. ನನ್ನ ಮಗಳು ಮಾತ್ರ ಆ ಹಾಡಿಗೆ ಮಲಗುವುದನ್ನು ಬಿಟ್ಟಳು. ಸಂಜೆ ದೋಣಿಕಟ್ಟೆಯಲ್ಲಿ ಕಾಲು ಇಳಿಬಿಟ್ಟು ಕೂತು, ಬಂದ ದೋಣಿಗಳನ್ನೆಲ್ಲ ನೋಡಿ ಎದ್ದು ಬರುತ್ತಿದ್ದಳು.

ಅವನು ಬೆಲೆಂನಿಂದ ಫೋನಿನಲ್ಲಿ ಕನಸು ಹೇಳುತ್ತಿದ್ದ. ಒಂದೇ ಕನಸು ಮತ್ತೆ ಮತ್ತೆ. ಸಭೆಯ ಒಳಗೆ ನೀರು ಬಂದಿದೆ, ಕುರ್ಚಿಗಳ ನಡುವೆ ನಮ್ಮ ನದಿಯ ತಂಬಾಕಿ ಮೀನು ಓಡಾಡುತ್ತಿದೆ, ಸಭಾಧ್ಯಕ್ಷರು ಕೋಟು ತೊಟ್ಟುಕೊಂಡೇ ತೇಲುತ್ತ ಮುಂದಿನ ವಿಷಯ ಕರೆಯುತ್ತಿದ್ದಾರೆ. ಯಾರಿಗೂ ಗಾಬರಿಯಿಲ್ಲ. "ನಾನೊಬ್ನೇ ಮರಿಯಾಲ್ವಾ, ಒದ್ದೆ ಆಗ್ತಾ ಇರೋದು" ಎನ್ನುತ್ತಿದ್ದ. ನನಗೆ ನಗು ಬರುತ್ತಿತ್ತು, ಫೋನು ಇಟ್ಟ ಮೇಲೆ ಬರುತ್ತಿರಲಿಲ್ಲ.

ಕೆಲಸ ಮಾಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಶಾಲೆಗೆ ದೊಡ್ಡ ದೋಣಿ ತಂದ. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ದೊಡ್ಡ ಬಲೆಯವರು ನಮ್ಮ ಕೆರೆಗೆ ಬಾರದಂತೆ ಕಾನೂನು ಮಾಡಿಸಿದ. ಅದೇ ಕೆರೆಯ ಬಾಯಲ್ಲಿ ಸೋಯಾ ಕಾಳು ಸಾಗಿಸುವ ಹಡಗುಗಳಿಗೆ ಬಂದರು ಕಟ್ಟಬೇಕೆಂದು ಅವನ ಪಕ್ಷದ ಯಜಮಾನ ಅದೆರ್ಬಾಲ್ ಹೊರಟಾಗ ಇವನು ಎದ್ದು ನಿಂತು ಬೇಡ ಎಂದ. ಸಭೆಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲವಂತೆ. ಬಂದರಿನ ಪ್ರಸ್ತಾಪ ಬಿದ್ದುಹೋಯಿತು. ಚುನಾವಣೆ ಮುಗಿದು ಹೊಸ ಸಭೆ ಬಂದಾಗ ಮತ್ತೆ ತರುತ್ತೇನೆ ಎಂದ ಅದೆರ್ಬಾಲ್, ಇವನನ್ನು ಪಕ್ಷದಿಂದ ಹೊರಗೆ ಹಾಕಿದ. ಹೊರಗೆ ಹಾಕಿದ್ದು ಇವನನ್ನು ಮಾತ್ರ. ನಂಬರನ್ನು ಇಟ್ಟುಕೊಂಡು ತನ್ನ ತಮ್ಮನ ಮಗ ವೆಲ್ಡ್ಸನ್‌ಗೆ ಕೊಟ್ಟ.

ಆಗ ನನಗೆ ಅರ್ಥವಾಯಿತು. ಇನ್ನು ನದಿಯ ಜೋಲಿಗಳೆಲ್ಲ ತೂಗುವುದು ವೆಲ್ಡ್ಸನ್‌ನ ನಂಬರಿಗೆ.

ಬೇರೆ ಪಕ್ಷದವರು ಜುರಾಂದಿರನಿಗೆ ಜಾಗ ಕೊಟ್ಟರು, ನಂಬರನ್ನೂ ಕೊಟ್ಟರು. ಎಂಟು ನಾಲ್ಕು ಮೂರು ಏಳು ಏಳು. ಹೇಗೆ ತೂಗಿದರೂ ಜೋಲಿ ಆಚೆಯೇ ನಿಂತುಬಿಡುವ ನಂಬರು. ಅಷ್ಟು ಹೊತ್ತಿಗೆ ಜಾಸಿಯಾರಾಳ ಮಡಿಲಲ್ಲಿ ಅವಳದೇ ಗಂಡುಕೂಸು ಇತ್ತು. ಹೊಸ ಹಾಡನ್ನು ಮೊದಲು ಅದಕ್ಕೆ ಹಾಡಿ ನೋಡಿದೆ. ಏಳು ಏಳು ಎನ್ನುತ್ತಿದ್ದಂತೆ ಕಣ್ಣು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡಿತು.

"ನಿನ್ನ ಮೊಮ್ಮಗನ ಓಟೇ ಹೋಯ್ತಲ್ಲಮ್ಮ" ಎಂದು ಜಾಸಿಯಾರಾ ನಕ್ಕಳು.

ಆ ಸಲ ನಾವು ಊರೂರಿಗೆ ಹೋದದ್ದು ಒಂದು ಹಾಡು ಮರೆಯಿರಿ ಎಂದು ಕೇಳಿಕೊಳ್ಳಲು. ಬೆಳಗಿನ ಮಂಜಿನಲ್ಲಿ ದಡ ಕಾಣುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಯಾವಳೋ ತಾಯಿ ಆರು ಎರಡು ಒಂದು ಎನ್ನುವುದು ಕೇಳಿಸುತ್ತಿತ್ತು. ಜುರಾಂದಿರ್ ದೋಣಿಯ ಮೂತಿಯಲ್ಲಿ ನಿಂತು, ಮಂಜಿನ ಕಡೆಗೆ, "ತಾಯೀ, ಅದು ಈಗ ನಂದಲ್ಲ! ಎಂಟು ನಾಲ್ಕು ಮೂರು ಏಳು ಏಳು!" ಎಂದು ಕೂಗುತ್ತಿದ್ದ. ಹಾಡು ನಿಲ್ಲುತ್ತಿತ್ತು. ದೋಣಿ ಮುಂದೆ ಹೋದಂತೆ ಬೆನ್ನ ಹಿಂದೆ ಮೆಲ್ಲನೆ ಮತ್ತೆ ಶುರುವಾಗುತ್ತಿತ್ತು. ಒಂದೊಂದು ಸಲ ಅವನ ಕಾಲೂ ಆ ಲಯಕ್ಕೇ ಹಲಗೆ ತಟ್ಟುತ್ತಿತ್ತು.

ಎದುರಿನಿಂದ ವೆಲ್ಡ್ಸನ್‌ನ ದೋಣಿ ಬರುತ್ತಿತ್ತು. ಭಾಷಣವಿಲ್ಲ, ಭರವಸೆಯಿಲ್ಲ. ನನ್ನ ಹಾಡಿನ ಧಾಟಿಯನ್ನು, ಬರೀ ಧಾಟಿಯನ್ನು, ಅಕಾರ್ಡಿಯನ್‌ನಲ್ಲಿ ನುಡಿಸಿಕೊಂಡು ಹೋಗುತ್ತಿತ್ತು. ಮಾತನ್ನು ಜನರೇ ತುಂಬಿಕೊಳ್ಳುತ್ತಿದ್ದರು. ನಾನು ಚಪ್ಪಲಿ ತೆಗೆದು ಎಸೆದೆ. ಅದು ನಡುನೀರಿಗೆ ಬಿತ್ತು, ಇನ್ನೊಂದನ್ನು ಇಟ್ಟುಕೊಂಡು ಏನು ಮಾಡುವುದೆಂದು ಅದನ್ನೂ ಎಸೆದೆ.

ಅಕ್ಟೋಬರಿನ ಭಾನುವಾರ ಎಲ್ಲರೂ ಒಗೆದ ಬಟ್ಟೆ ಉಟ್ಟು ಶಾಲೆಯ ಮುಂದೆ ಸಾಲು ನಿಂತೆವು. ಜುರಾಂದಿರ್ ಒಳಗೆ ಹೋದವನು ಬೇಗ ಬರಲಿಲ್ಲ. ಬಂದಾಗ ಅವನ ಮುಖದಲ್ಲಿ ಪಾಠದ ನಡುವೆ ಮಳೆ ನೋಡುತ್ತಿದ್ದವನ ಕಳೆಯಿತ್ತು. ಅಭ್ಯಾಸವಿದ್ದುದರಿಂದ ನಾನು ಏನೂ ಕೇಳಲಿಲ್ಲ.

ಸಂಜೆ ರೇಡಿಯೋದಲ್ಲಿ ಫಲಿತಾಂಶ ಬಂತು. ನಮ್ಮ ನದಿಯ ಓಟು ಧಾರಾಳವಾಗಿ ಬಿದ್ದಿತ್ತು, ಆರು ಎರಡು ಒಂದು ಎರಡು ಆರಕ್ಕೆ. ಕೆರೆಯನ್ನು ನಕ್ಷೆಯಲ್ಲೂ ಕಂಡಿರದ ವೆಲ್ಡ್ಸನ್ ಶಾಸಕನಾದ. ಜುರಾಂದಿರ್ ರೇಡಿಯೋ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿ, ದೊಡ್ಡವರು ಮಲಗುವ ಜೋಲಿಯಲ್ಲಿ ಮಲಗಿಕೊಂಡ. ಆಮೇಲೆ ಅನ್ನಕ್ಕೆ ಕರೆದರೂ ಏಳಲಿಲ್ಲ, ಕಾಫಿಗೆ ಕರೆದರೂ ಏಳಲಿಲ್ಲ. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ.

ಅಕ್ಕಪಕ್ಕದವರು ನಮ್ಮ ಮನೆಯ ಮುಂದೆ ಬರಲು ಹೆದರಿ ಸುತ್ತಿ ಬಳಸಿ ಹೋಗುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಪೆರ್ಪೆತುವಾ ಅಜ್ಜಿ ಬಂದಳು. ಜಾಸಿಯಾರಾ ಹುಟ್ಟುವಾಗ ನನಗೆ ಹೆರಿಗೆ ಮಾಡಿಸಿದವಳು ಅವಳೇ. ಬಟ್ಟಲ ತುಂಬ ಅಸಾಯಿ ಹಣ್ಣಿನ ರಸ, ಪಕ್ಕದಲ್ಲಿ ಹುರಿದ ಮರಗೆಣಸಿನ ಹಿಟ್ಟಿನ ಪೊಟ್ಟಣ. ಎರಡನ್ನೂ ನೆಲಕ್ಕಿಟ್ಟು ಹೊಸ್ತಿಲಲ್ಲೇ ನಿಂತಳು.

"ಬೈಯೋದಿದ್ರೆ ಬೈದ್ಬಿಡೇ ಮರಿಯಾಲ್ವಾ. ನಿಂತಿದೀನಿ."

"ಯಾವುದನ್ನ ಒತ್ತಿದೆ ಅಜ್ಜಿ? ನಿಜ ಹೇಳು."

"ಇನ್ಯಾವುದು ಒತ್ತಲಿ? ಬೆರಳಿಗೆ ಗೊತ್ತಿರೋದು ಅದೊಂದೇ."

"ಮುಖ ಬರಲಿಲ್ವಾ ಪೆಟ್ಟಿಗೇಲಿ? ಆ ಹುಡುಗನ ಮುಖ ನೋಡಲಿಲ್ವಾ?"

"ಬಂತು. ಒಳ್ಳೇ ನುಣ್ಣಗಿತ್ತು. ಮೇಷ್ಟ್ರು ನದಿ ತಳದ ಮಾಯದ ಊರಿಗೆ ಹೋಗಿ ವಯಸ್ಸು ಕಳಕೊಂಡು ಬಂದಿರಬೇಕು ಅಂದ್ಕೊಂಡೆ. ನಮ್ಮ ಅಜ್ಜನ ಕಾಲದಲ್ಲಿ ಹೋಗಿ ಬಂದೋರು ಇದ್ರಂತೆ."

"ಸುಳ್ಳು ಹೇಳ್ಬೇಡ!"

"ಅರ್ಧ ಸುಳ್ಳು" ಎಂದಳು ಅಜ್ಜಿ. "ಉಳಿದರ್ಧ ಏನಂದ್ರೆ, ಹಸಿರು ಗುಂಡಿ ಒತ್ತಿದ ಮೇಲೆ ಮುಖ ನೋಡ್ದೆ."

ನನಗೆ ತಡೆಯಲಾಗಲಿಲ್ಲ. ಹನ್ನೆರಡು ವರ್ಷ ನಿಮಗೋಸ್ಕರ ಮನೆ ಬಿಟ್ಟಿದ್ದ, ನನ್ನ ಮಗಳು ದೋಣಿಕಟ್ಟೆಯಲ್ಲಿ ಕೂತೇ ದೊಡ್ಡವಳಾದಳು, ಒಂದು ನಂಬರು ನೆನಪಿಡಲು ಆಗಲಿಲ್ಲವಲ್ಲ ನಿಮಗೆ ಎಂದು ಬಾಯಿಗೆ ಬಂದ ಹಾಗೆ ಬೈದೆ. ಕೆರೆ ಹೋದ ಮೇಲೆ ಮಕ್ಕಳಿಗೆ ನಂಬರನ್ನೇ ಬೇಯಿಸಿ ಹಾಕಿ ಎಂದೂ ಅಂದೆ. ಅಜ್ಜಿ ಬರಿಗೈಯಿಂದಲೇ ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿದಳು.

"ಬಿಡು ಮರಿಯಾಲ್ವಾ." ಜೋಲಿಯೊಳಗಿಂದ ಜುರಾಂದಿರನ ದನಿ ಬಂತು. "ಅಜ್ಜೀನ ಬೈಬೇಡ."

"ಬೈತೀನಿ! ಯಾಕೆ ಬೈಬಾರದು?"

"ನಾನೂ ಅದನ್ನೇ ಒತ್ತಿದೆ."

ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದ ಜಾಸಿಯಾರಾ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಏನೋ ಯೋಚಿಸ್ತಾ ನಿಂತಿದ್ದೆ" ಎಂದ ಅವನು, ಸೂರು ನೋಡುತ್ತ. "ಹಾಡು ಬಾಯಲ್ಲಿ ಬಂತು. ಬೆರಳು ಅದರ ಹಿಂದೆ ಹೋಯ್ತು. ಆ ಹುಡುಗನ ಮುಖ ಬಂದಾಗ ನಂಗೂ ಒಂದು ಕ್ಷಣ ನಾನೇ ಅನ್ನಿಸ್ತು. ಮೊದಲನೇ ಸಲ ಗೆದ್ದಾಗಿನ ನಾನು. ಹಸಿರು ಒತ್ಬಿಟ್ಟೆ. ಹೊರಗೆ ಬಂದ ಮೇಲೆ ಗೊತ್ತಾಯ್ತು."

ನನಗೆ ಸಿಟ್ಟೂ ನಗುವೂ ಅಳುವೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ. ಮೊದಲು ನಕ್ಕವಳು ಪೆರ್ಪೆತುವಾ ಅಜ್ಜಿ. ನೆಲಕ್ಕೆ ಕೂತು, ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಾಗಾದ್ರೆ ಕೇಳಿ ಮೇಷ್ಟ್ರೇ. ಆ ಹುಡುಗ ಕೂತಿರೋದು ನಮ್ಮ ಹಾಡಿನ ಮೇಲೆ. ಕೆರೆ ವಿಷ್ಯ ಬಂದ ದಿನ ನಾವೆಲ್ಲ ಕೂಸು ಎತ್ಕೊಂಡು ಬೆಲೆಂಗೆ ಹೋಗಿ ಅವನ ಮುಂದೆ ಹಾಡೋಣ. ನಿದ್ದೆ ಬಂದು ಬಿದ್ದಾದರೂ ಬೀಳ್ಲಿ, ನಾಚಿಕೆ ಬಂದು ನಮ್ ಕಡೆ ಆದರೂ ನಿಲ್ಲಲಿ."

ಅದು ಆಗುವ ಮಾತೋ ಅಲ್ಲವೋ, ಫೆಬ್ರವರಿಯಲ್ಲಿ ಹೊಸ ಸಭೆ ಸೇರಿದಾಗ ನೋಡಬೇಕು. ದೊಡ್ಡ ದೋಣಿಗೆ ಜನ ಹೆಸರು ಕೊಡುವುದಕ್ಕಂತೂ ಶುರು ಮಾಡಿದ್ದಾರೆ.

ಅಜ್ಜಿಯ ನಗುವಿಗೆ ಕೂಸು ಎದ್ದು ಅಳತೊಡಗಿತು. ಜುರಾಂದಿರ್ ಕೈ ಚಾಚಿ ಅದನ್ನು ತನ್ನ ಎದೆಯ ಮೇಲೆ ಮಲಗಿಸಿಕೊಂಡು, ಒಂದು ಕಾಲು ನೆಲಕ್ಕೆ ಒತ್ತಿ ಜೋಲಿ ತೂಗಿದ. ಅವನು ಆ ಹಾಡನ್ನು ಯಾವ ಮಗುವಿಗೂ ಹಾಡಿದ್ದನ್ನು ನಾನು ಕಂಡಿರಲಿಲ್ಲ. ಹಾಡಲು ಅವನು ಮನೆಯಲ್ಲಿದ್ದರೆ ತಾನೆ? ದೋಣಿ ಹೋಯ್ತು, ದೋಣಿ ಬಂತು ಎಂದ. ಯಾರನ್ನ ತಂತು ಎಂದ. ಅಲ್ಲಿಗೆ ನಿಲ್ಲಿಸಿದ. ಹಳೇ ನಂಬರು ಅವನದಲ್ಲ, ಹೊಸದು ತೂಗುವುದಿಲ್ಲ. ಜೋಲಿ ಸುಮ್ಮನೆ ಆಚೆ ಈಚೆ ಹೋಗುತ್ತಿತ್ತು. ಹಲಗೆಯ ಸಂದಿನಲ್ಲಿ ನದಿ ಹೊಳೆಯುತ್ತಿತ್ತು.

"ಯಾರನ್ನ ತಂತು?" ಎಂದು ಅವನು ಮತ್ತೆ ಕೇಳಿದ, ಈ ಸಲ ಹಾಡಿನಲ್ಲಲ್ಲ.

ಬಾಗಿಲಲ್ಲಿ ನಿಂತಿದ್ದ ಜಾಸಿಯಾರಾ ಸೌಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಆಮೇಲೆ ಮೆಲ್ಲನೆ, ಅದೇ ಧಾಟಿಯಲ್ಲಿ, ಎಳೆದು ಹೇಳಿದಳು.

"ಅಪ್ಪನ್ನ ತಂತು."

ಜುರಾಂದಿರ್ ಮುಖವನ್ನು ಕೂಸಿನ ತಲೆಯಲ್ಲಿ ಹುದುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತು ಇಬ್ಬರಿಗೂ ನಿದ್ದೆ ಬಂತು. ಒಲೆಯ ಮೇಲೆ ಮೀನು ಸೀದ ವಾಸನೆ ಮನೆಯಲ್ಲೆಲ್ಲ ತುಂಬಿತ್ತು, ನಾವ್ಯಾರೂ ಆ ಕಡೆ ಹೋಗಲಿಲ್ಲ.