ಬಿಡದ ಕೀಲು

ಪರದೆಯ ಮೇಲಿನ ಧೂಳು ಮೂಗಿಗೇ ಬಂದಂತಾಗಿ ಲೈಲ್ ಕೆಮ್ಮಿದ, ಧೂಳೆಲ್ಲಿ, ಇದು ಕ್ಯಾಲಿಸ್ಪೆಲ್‌ನ ತಣ್ಣನೆಯ ಚಿತ್ರಮಂದಿರ, ಹೊರಗೆ ಮಟಮಟ ಮಧ್ಯಾಹ್ನ — ಪಕ್ಕದಲ್ಲಿ ವರ್ನಾ ಮಿಠಾಯಿ ಪೊಟ್ಟಣ ಚಾಚುತ್ತಾಳೆ, ತಗೊಳ್ಳೋ, ಗಂಟಲು ಒಣಗಿದೆ ನಿಂದು, ನಲವತ್ತನಾಲ್ಕು ವರ್ಷದಿಂದ ರಾಯ್ಸ್‌ನ ವಿಧವೆ, ನನ್ ಗಂಡ ಬದುಕಿದ್ದ ಕೊನೇ ಗಳಿಗೆ ನೋಡ್ಬೇಕು ಕಣೋ, ಒಬ್ಳೇ ಕೂರೋಕಾಗಲ್ಲ, ನೀನು ಪಕ್ಕದಲ್ಲಿರು, ಎಂದು ಫೋನಿನಲ್ಲಿ ಅಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಂದೇ ವಾರಕ್ಕೆ ಎತ್ತಂಗಡಿಯಾದ ಚಿತ್ರ, ಪತ್ರಿಕೆಗಳೆಲ್ಲ ಉಗಿದ ಚಿತ್ರ, ಈಗ ಮೇರುಕೃತಿಯಂತೆ, ಕತ್ತರಿಸಿ ಎಸೆದಿದ್ದ ನಲವತ್ತು ನಿಮಿಷಗಳನ್ನು ಯಾವುದೋ ಗೋದಾಮಿನಿಂದ ತೆಗೆದು ಮತ್ತೆ ಸೇರಿಸಿದ್ದಾರೆ, ಗಾಡಿ ಉರುಳುವ ದೃಶ್ಯವೂ ಇದೆಯಂತೆ, ಎಲ್ಲಿಂದ ಶುರುವಾಗುತ್ತದೋ — ನಿರ್ದೇಶಕ ಹ್ಯಾಸ್ಕೆಲ್ ಕ್ಯಾಮೆರಾ ನಿಲ್ಲಿಸುತ್ತಲೇ ಇರಲಿಲ್ಲ, ಕುದುರೆ ನೋಡಿಕೊಳ್ಳುವ ಲೈಲ್‌ನಂಥವರಿಗೂ ಹಳೇ ಕಾಲದ ಟೋಪಿ ತೊಡಿಸುತ್ತಿದ್ದ, ಯಾರು ಯಾವಾಗ ಕ್ಯಾಮೆರಾಕ್ಕೆ ಬಿದ್ದರೂ ಕಥೆಯವರೇ ಆಗಿರಲಿ ಎಂದು. ಮೋಡಕ್ಕಾಗಿ ಒಂಬತ್ತು ದಿನ ಕಾಯಿಸಿದ, ಹತ್ತನೆಯ ದಿನ ಗಾಡಿ ಓಡಿಸಿದ — ಗಾಡಿ ಮೇಲೆ ಸಾಹಸಪಟು ರಾಯ್ಸ್, ಅವನು ಹಗ್ಗ ಎಳೆದರೆ ಕುದುರೆಗಳನ್ನು ಗಾಡಿಗೆ ಬಿಗಿದ ಕೀಲು ಕಳಚಬೇಕು, ಕುದುರೆಗಳು ಬಿಟ್ಟು ಓಡಬೇಕು, ಗಾಡಿಯಷ್ಟೇ ಉರುಳಬೇಕು, ರಾಯ್ಸ್ ಹುಲ್ಲಿನತ್ತ ಹಾರಬೇಕು, ಮೊದಲ ಎರಡು ಓಟದಲ್ಲೂ ಅವನು ಎಳೆಯುವ ಮೊದಲೇ ಕೀಲು ಕಳಚಿತು, ಏನಯ್ಯಾ, ಒಂದು ಕೀಲು ಹಾಕೋಕ್ ಬರಲ್ವ ನಿಂಗೆ, ನಾಳೆಯಿಂದ ಹಂದಿ ಕಾಯೋಕ್ ಹೋಗು, ಹ್ಯಾಸ್ಕೆಲ್ ಕಿರುಚಿದ, ಎಲ್ಲರೂ ನಕ್ಕರು, ಲೈಲ್‌ನ ಕಿವಿ ಕಾದವು, ಸುತ್ತಿಗೆ ಎತ್ತಿಕೊಂಡ, ಒಂದು, ಎರಡು, ರಾಯ್ಸ್ ಮೇಲಿನಿಂದ ಬಗ್ಗಿ, ಮೆಲ್ಲಗೆ ಕಣೋ, ಅದು ಕೀಲು, ನಿಮ್ಮತ್ತೆ ತಲೆ ಅಲ್ಲ — ಆದರೂ ಮೂರನೆಯ ಏಟನ್ನೂ ಹೊಡೆದ. ರಾಯ್ಸ್‌ನ ಕೈ ಹಗ್ಗ ಎಳೆಯಿತು, ಮತ್ತೆ ಎಳೆಯಿತು, ಕೀಲು ಬಿಡಲಿಲ್ಲ, ಕುದುರೆಗಳ ಜೊತೆಗೇ ಗಾಡಿ ಅವನ ಮೇಲೆ ಉರುಳಿತು. ಎಲ್ಲರೂ ರಾಯ್ಸ್‌ನ ಸುತ್ತ ಮುತ್ತಿದ್ದಾಗ ಲೈಲ್ ಕೀಲನ್ನು ಕಿತ್ತು ಹೊಳೆಗೆ ಎಸೆದದ್ದನ್ನು ಯಾರೂ ನೋಡಲಿಲ್ಲ, ದಣಿದವನನ್ನು ಓಡಿಸಿ ಓಡಿಸಿ ಕೊಂದ ಎಂದು ಊರು ಹ್ಯಾಸ್ಕೆಲ್‌ನನ್ನು ಶಪಿಸಿತು, ವರ್ನಾ ಶಪಿಸಿದಳು, ಲೈಲ್ ಹೌದೆಂದು ತಲೆಯಾಡಿಸಿದ, ಆ ಮನುಷ್ಯನಿಗೆ ಮತ್ತೆ ಯಾರೂ ಚಿತ್ರ ಕೊಡಲಿಲ್ಲ, ಹಾಗೇ ಸತ್ತ, ಕಣ್ಣು ಮುಚ್ಚಿದರೆ ಮಾತ್ರ ಲೈಲ್‌ಗೆ ಆ ಕೈ, ಎಳೆಯುತ್ತದೆ, ಮತ್ತೆ ಎಳೆಯುತ್ತದೆ — ಅಯ್ಯೋ, ಟೋಪಿ, ಪರದೆಯ ಅಂಚಿನಲ್ಲಿ ಅವನದೇ ಟೋಪಿ, ವರ್ನಾ ಮೊಣಕೈಯಿಂದ ತಿವಿಯುತ್ತಾಳೆ, ಏ, ನೀನು ಕಣೋ, ಒಳ್ಳೇ ಕೊಕ್ಕರೆ ಇದ್ದಂಗಿದ್ದೆ, ನಗುತ್ತಿದ್ದಾಳೆ, ನಗಲಿ, ಚಿತ್ರ ಇಲ್ಲಿಗೇ ನಿಂತುಹೋಗಲಿ ದೇವರೇ, ಸುತ್ತಿಗೆ ಏಳುತ್ತದೆ, ಒಂದು, ಎರಡು, ಮೂರು, ಮಂದಿರದ ತುಂಬ ಆ ಸದ್ದು, ಗಾಡಿ ಓಡುತ್ತಿದೆ, ಅವಳ ನಗು ನಿಂತಿದೆ, ಲೈಲ್, ಒಂದ್ಸಲ ಎಳೆದ್ರೆ ಸಾಕು ಅಂತಿದ್ದ ಅಲ್ವೇನೋ ರಾಯ್ಸ್, ಅವಳ ಮುಖ ಪರದೆಯಿಂದ ಇತ್ತ ತಿರುಗುತ್ತಿದೆ, ಅವನು ತಿರುಗಲಾರ, ರಾಯ್ಸ್‌ನ ಕೈ, ಹಗ್ಗ ಸುತ್ತಿದ ಕೈ, ಎಳೆಯುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ